ಊರಲ್ಲಿ ಎಷ್ಟು ದಿನ ಇರಬಹುದು? ಹುಲಿಹೈದರದಿಂದ ದುಬೈವರೆಗೆ ಒಂದು ತೆರಿಗೆ ಲೆಕ್ಕ

ನಮ್ಮ ಸೀನಿಯರ್ ಒಬ್ಬರಿದ್ದಾರೆ. ಊರು ಕೊಪ್ಪಳ ಜಿಲ್ಲೆ ಕನಕಗಿರಿ ತಾಲ್ಲೂಕಿನ ಹುಲಿಹೈದರ. 2021ರ ಜೂನ್‌ನಲ್ಲಿ ದುಬೈಗೆ ಹೋದರು. ಕಂಪನಿ ದುಬೈಯದ್ದು, ಸೈಟ್ ಕೆಲಸ ಒಮನ್, ಕೀನ್ಯಾ ಅಂತ ಓಡಾಟ. ಮೆಷಿನ್ ಕೂರಿಸಿ, ಚಾಲೂ ಮಾಡಿ, ಮುಂದಿನ ದೇಶಕ್ಕೆ ಹೊರಡೋದು. ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಬ್ಬಿನವರ ಜತೆ ವಿಡಿಯೋ ಕಾಲ್‌ನಲ್ಲಿ ಮಾತಾಡ್ತಾ ಒಂದು ವಿಷಯ ಹೇಳಿದರು. ಆ ಮಾತಿನಿಂದಲೇ ಈ ಲೇಖನ ಹುಟ್ಟಿದ್ದು.

2024ರ ಅಕ್ಟೋಬರ್‌ನಲ್ಲಿ ದಸರೆಗೆ ಅಂತ 20 ದಿನ ಊರಿಗೆ ಬಂದು ಹೋಗಿದ್ದರು. ನವೆಂಬರ್ ಕೊನೆಗೆ ಅಪ್ಪ ಹೊಲದಲ್ಲಿ ಬಿದ್ದು ಸೊಂಟ ಮುರಿಯಿತು. ಸಂಬಳವಿಲ್ಲದ ರಜೆ ಹಾಕಿ ಡಿಸೆಂಬರ್ 2ಕ್ಕೆ ಮತ್ತೆ ಬಂದರು. ಆಪರೇಷನ್ ಆಯಿತು. ಅಪ್ಪ ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡೋದು ಕಲಿಯುತ್ತಿದ್ದರು. ಅಷ್ಟರಲ್ಲಿ ಯಾರೋ ಪರಿಚಯದವರು, "120 ದಿನ ದಾಟಿದ್ರ ನಿನ್ನ ದುಬೈ ಪಗಾರಕ್ಕೆಲ್ಲ ಇಲ್ಲೇ ಟ್ಯಾಕ್ಸ್ ಬೀಳ್ತದ ನೋಡಪಾ" ಅಂದರು. ಇವರು ಕ್ಯಾಲೆಂಡರ್ ತೆಗೆದು ಎಣಿಸಿದರು. ಮಾರ್ಚ್ 9ಕ್ಕೆ ಸರಿಯಾಗಿ 118 ದಿನ. ಅವತ್ತೇ ವಿಮಾನ ಹತ್ತಿಬಿಟ್ಟರು. ಉಳಿದ ದಿನಗಳಲ್ಲಿ ಅಪ್ಪನನ್ನು ಹಿಡಿದು ನಡೆಸಿದ್ದು, ಆಸ್ಪತ್ರೆಗೆ ಕರಕೊಂಡು ಹೋಗಿದ್ದು ಅವ್ವ ಒಬ್ಬಳೇ.

"ಆಮ್ಯಾಲೆ ಗೊತ್ತಾತು ತಮ್ಮಾ, ನಾ ಹೋಗೋದೇ ಬೇಕಿದ್ದಿಲ್ಲ" ಅಂದರು.

ಯಾಕೆ ಬೇಕಿರಲಿಲ್ಲ? ಈ 120, 182, 60 ಅನ್ನೋ ಸಂಖ್ಯೆಗಳು ಎಲ್ಲಿಂದ ಬಂದವು? ಮೆಷಿನ್ ಲರ್ನಿಂಗ್‌ಗಿಂತ ಕಷ್ಟದ್ದೇನಲ್ಲ, ಬನ್ನಿ ನೋಡೋಣ. ಇವತ್ತಲ್ಲ ನಾಳೆ ನಮ್ಮಲ್ಲಿ ಅರ್ಧ ಜನರಿಗೆ ಇದು ಬೇಕಾಗುತ್ತೆ.

ಮೊದಲು ಒಂದು ಮಾತು: ಪೌರತ್ವ ಬೇರೆ, ನಿವಾಸ ಬೇರೆ

ಭಾರತದ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಜಗತ್ತಿನಲ್ಲಿ ಎಲ್ಲಿ ದುಡಿದರೂ ಇಲ್ಲಿ ತೆರಿಗೆ ಕಟ್ಟಬೇಕು ಅಂತೇನಿಲ್ಲ. ಅಮೆರಿಕ ತನ್ನ ಪ್ರಜೆಗಳ ವಿಷಯದಲ್ಲಿ ಹಾಗೆ ಮಾಡುತ್ತೆ. ಭಾರತ ಮಾಡಲ್ಲ. ಇಲ್ಲಿ ಕೇಳೋ ಪ್ರಶ್ನೆ, ಈ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ, ನೀವು ಭಾರತದ ನೆಲದ ಮೇಲೆ ಎಷ್ಟು ದಿನ ಇದ್ದಿರಿ ಅನ್ನೋದು. ಪ್ರತಿ ವರ್ಷ ಹೊಸ ಲೆಕ್ಕ. ಏಪ್ರಿಲ್ 1ಕ್ಕೆ ಕೌಂಟರ್ ಮತ್ತೆ ಸೊನ್ನೆ.

ಉತ್ತರ ಮೂರು ಥರ ಇರಬಹುದು:

ಒಂದು, ನಿವಾಸಿ. ಜಗತ್ತಿನ ಯಾವ ಮೂಲೆಯ ಆದಾಯವಾದರೂ ಇಲ್ಲಿ ತೋರಿಸಬೇಕು, ತೆರಿಗೆ ಲೆಕ್ಕಕ್ಕೆ ಬರುತ್ತೆ.

ಎರಡು, ಅನಿವಾಸಿ. ಭಾರತದಲ್ಲಿ ಹುಟ್ಟಿದ ಅಥವಾ ಭಾರತದಲ್ಲಿ ಕೈಸೇರಿದ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ.

ಮೂರು, ಇವೆರಡರ ನಡುವಿನವನು. ಕಾನೂನಿನ ಭಾಷೆಯಲ್ಲಿ 'ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ'. ಎಲ್ಲರೂ ಆರ್‌ಎನ್‌ಓಆರ್ ಅಂತಾರೆ. ಹೆಸರಿಗೆ ನಿವಾಸಿ, ಆದರೆ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಹೊರಗಿನ ಆದಾಯದಲ್ಲಿ ಭಾರತದಿಂದ ನಿಯಂತ್ರಿಸುವ ವ್ಯಾಪಾರದ್ದು, ಇಲ್ಲಿ ಶುರುಮಾಡಿದ ವೃತ್ತಿಯದ್ದು ಮಾತ್ರ ಲೆಕ್ಕಕ್ಕೆ ಬರುತ್ತೆ.

ಈ ಮೂರನೇ ಮನುಷ್ಯನನ್ನು ನೆನಪಿಟ್ಟುಕೊಳ್ಳಿ. ನಮ್ಮ ಸೀನಿಯರ್‌ಗೆ ಭಯ ಹುಟ್ಟಿಸಿದವರಿಗೆ ಇವನ ಪರಿಚಯವೇ ಇರಲಿಲ್ಲ.

ಈಗ ಇಫ್-ಎಲ್ಸ್

ಆದಾಯ ತೆರಿಗೆ ಕಾಯ್ದೆ, 1961ರ 6ನೇ ಸೆಕ್ಷನ್‌ನಲ್ಲಿ ಈ ಲೆಕ್ಕ ಇದೆ. 2026ರ ಏಪ್ರಿಲ್ 1ರಿಂದ ಜಾರಿ ಅಂತ ತಂದ 2025ರ ಹೊಸ ಕಾಯ್ದೆಯಲ್ಲೂ ಇದು 6ನೇ ಸೆಕ್ಷನ್ನೇ. ಕೋಡ್ ಥರ ಓದಿದರೆ ಹೀಗಿದೆ:

ಇಫ್: ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನಿವಾಸಿ. ಇದಕ್ಕೆ ವಿನಾಯಿತಿ ಇಲ್ಲ.

ಎಲ್ಸ್ ಇಫ್: ವರ್ಷದಲ್ಲಿ 60 ದಿನ ಅಥವಾ ಹೆಚ್ಚು ಇದ್ದು, ಹಿಂದಿನ 4 ವರ್ಷ ಸೇರಿ 365 ದಿನ ಅಥವಾ ಹೆಚ್ಚು ಇದ್ದರೂ ನಿವಾಸಿ.

ಈ ಎರಡನೇ ಸಾಲು ಇದ್ದ ಹಾಗೇ ಇದ್ದಿದ್ದರೆ ವರ್ಷಕ್ಕೆ ಎರಡು ತಿಂಗಳು ಊರಿಗೆ ಬರೋ ಗಲ್ಫ್ ಮಂದಿಯಲ್ಲಿ ಬಹಳ ಜನ ಸಿಕ್ಕಿಬೀಳುತ್ತಿದ್ದರು. ಅದಕ್ಕೇ ಎರಡು ಸಡಿಲಿಕೆ ಇವೆ.

ಮೊದಲ ಸಡಿಲಿಕೆ ಹೋಗುವವರಿಗೆ. ಭಾರತದ ಪ್ರಜೆ ಹೊರದೇಶದಲ್ಲಿ ಉದ್ಯೋಗಕ್ಕೆ ಅಂತ ಹೊರಟರೆ, ಹೊರಟ ಆ ವರ್ಷಕ್ಕೆ 60ರ ಜಾಗದಲ್ಲಿ 182 ಅಂತ ಓದಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ. ಏಪ್ರಿಲ್‌ನಿಂದ ಆಗಸ್ಟ್ ಕೊನೆಗೆ 153 ದಿನ. ಸೆಪ್ಟೆಂಬರ್ 28ಕ್ಕೆ ವಿಮಾನ ಹತ್ತಿದರೆ 181, ಅನಿವಾಸಿ. 29ಕ್ಕೆ ಹತ್ತಿದರೆ 182, ನಿವಾಸಿ. ಒಂದೇ ದಿನದಲ್ಲಿ ಇಡೀ ವರ್ಷದ ಲೆಕ್ಕ ತಿರುಗಿಬಿಡುತ್ತೆ.

ಎರಡನೇ ಸಡಿಲಿಕೆ ಬರುವವರಿಗೆ. ಹೊರಗೆ ನೆಲೆಸಿದ ಭಾರತೀಯ ಪ್ರಜೆ ಅಥವಾ ಭಾರತೀಯ ಮೂಲದವರು 'ಭೇಟಿ'ಗೆ ಅಂತ ಬಂದರೆ ಅವರಿಗೂ 60 ಅಲ್ಲ, 182.

ಹಾಗಾದರೆ 120 ಎಲ್ಲಿಂದ ಬಂತು? 2020ರಲ್ಲಿ ಸೇರಿಸಿದ್ದು. ಭೇಟಿಗೆ ಬರುವವರ ಆದಾಯ, ಹೊರದೇಶದ ಮೂಲದ್ದನ್ನು ಬಿಟ್ಟು, 15 ಲಕ್ಷ ರೂಪಾಯಿ ದಾಟಿದರೆ ಮಾತ್ರ ಅವರಿಗೆ 182ರ ಬದಲು 120. ಸುಲಭವಾಗಿ ಹೇಳೋದಾದರೆ, ಭಾರತದಲ್ಲೇ ದೊಡ್ಡ ಬಾಡಿಗೆ, ಬಡ್ಡಿ, ಲಾಭ ಇರುವವರಿಗೆ. ಹಾಗೆ 120ರಿಂದ 181 ದಿನದೊಳಗೆ ಇದ್ದು ನಿವಾಸಿ ಆದವರೂ ಆರ್‌ಎನ್‌ಓಆರ್ ಆಗ್ತಾರೆ. ಅಂದರೆ ಆಗಲೂ ದುಬೈ ಸಂಬಳ ಇಲ್ಲಿನ ತೆರಿಗೆಗೆ ಬರಲ್ಲ.

ಈಗ ನಮ್ಮ ಸೀನಿಯರ್ ಲೆಕ್ಕ ಹಾಕಿ

2024-25ನೇ ಸಾಲು. ಅಕ್ಟೋಬರ್ 3ರಿಂದ 22ರವರೆಗೆ 20 ದಿನ. ಡಿಸೆಂಬರ್ 2ರಿಂದ ಮಾರ್ಚ್ 9ರವರೆಗೆ 30 + 31 + 28 + 9, ಒಟ್ಟು 98. ಎರಡೂ ಸೇರಿ 118. ಅವರ ಲೆಕ್ಕ ತಪ್ಪಿರಲಿಲ್ಲ. ಹಿಡಿದ ನಿಯಮ ತಪ್ಪಿತ್ತು.

ಭಾರತದಲ್ಲಿ ಅವರಿಗಿರೋ ಆದಾಯ ಬೆಂಗಳೂರಿನ ಸಣ್ಣ ಫ್ಲ್ಯಾಟ್ ಬಾಡಿಗೆ, ಸ್ವಲ್ಪ ಎಫ್‌ಡಿ ಬಡ್ಡಿ. ಎರಡೂ ಸೇರಿ ಸುಮಾರು 4 ಲಕ್ಷ. ಹುಲಿಹೈದರದಲ್ಲಿ ಅವರ ಪಾಲಿನ ಹೊಲದ ಸಜ್ಜೆ, ತೊಗರಿಯ ದುಡ್ಡು ಕೃಷಿ ಆದಾಯ. ಅದಕ್ಕೆ ತೆರಿಗೆ ವಿನಾಯಿತಿ ಇರೋದರಿಂದ 15 ಲಕ್ಷದ ಲೆಕ್ಕಕ್ಕೂ ಅದು ಸೇರಲ್ಲ. ಅಂದಮೇಲೆ 120 ಅನ್ನೋ ಗೆರೆ ಅವರಿಗೆ ಇರಲೇ ಇಲ್ಲ. ಇದ್ದದ್ದು 182.

ಮಾರ್ಚ್ 31ರವರೆಗೆ ಊರಲ್ಲೇ ಇದ್ದಿದ್ದರೂ ಒಟ್ಟು 140 ದಿನ ಆಗ್ತಿತ್ತು. ಆಗಲೂ ಅನಿವಾಸಿಯೇ. ಏಪ್ರಿಲ್ 1ಕ್ಕೆ ಕೌಂಟರ್ ಸೊನ್ನೆ. ಬೇಕಿದ್ದರೆ ಏಪ್ರಿಲ್, ಮೇ ಕೂಡ ಇದ್ದು ಹೋಗಬಹುದಿತ್ತು, ಮುಂದಿನ ವರ್ಷದ ಖಾತೆಯಲ್ಲಿ. ಉಳಿಸಿದ ತೆರಿಗೆ ಸೊನ್ನೆ ರೂಪಾಯಿ. ಕಳೆದುಕೊಂಡದ್ದು ಅಪ್ಪನ ಜತೆ ಇರಬಹುದಾಗಿದ್ದ ದಿನಗಳು.

ಒಂದು ಎಚ್ಚರಿಕೆ ಇದೆ. ಅವರು ರಜೆ ಮೇಲಿದ್ದರು. ಊರಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದು ದುಬೈ ಕಂಪನಿಯ ಕೆಲಸ ಮಾಡಿದ್ದರೆ ಕಥೆ ಬೇರೆ. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಹುಟ್ಟಿದ ಆದಾಯ ಅನ್ನಿಸಿಕೊಳ್ಳುತ್ತೆ, ಅನಿವಾಸಿ ಆದರೂ ಸರಿ. ಎರಡು ದೇಶಗಳ ಒಪ್ಪಂದ ರಕ್ಷಣೆ ಕೊಡುತ್ತಾ ಅಂತ ಆಗ ಬೇರೆ ನೋಡಬೇಕು. 'ವರ್ಕ್ ಫ್ರಮ್ ಹೋಮ್' ಅನ್ನೋವಾಗ ಹೋಮ್ ಯಾವ ದೇಶದಲ್ಲಿದೆ ಅನ್ನೋದು ಮುಖ್ಯ.

ಬಂದ ದಿನ ಎಣಿಸಬೇಕಾ?

ರಾತ್ರಿ 11ಕ್ಕೆ ಬೆಂಗಳೂರಲ್ಲಿ ಇಳಿದರೆ ಅದು ಒಂದು ದಿನವಾ? ನಗಬೇಡಿ, ಇದಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದವರಿದ್ದಾರೆ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಬೇಕು ಅಂತ ಮುಂಗಡ ತೀರ್ಪು ಪ್ರಾಧಿಕಾರ ಹಿಂದೆ ಹೇಳಿತ್ತು. ಆಮೇಲೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ಅಮೆರಿಕದಿಂದ ವಾಪಸ್ ಬಂದ ಒಬ್ಬರ ಪ್ರಕರಣದಲ್ಲಿ, ಬಂದ ದಿನವನ್ನು ಬಿಡಬೇಕು ಅಂತು. 2011ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೂ ಒಂದು ದಿನದ ಮೇಲೆ ಜೂಜಾಡೋದು ಬೇಡ. ಎರಡೂ ದಿನ ಸೇರಿಸಿ ಎಣಿಸಿ, ಮೇಲೆ ನಾಲ್ಕೈದು ದಿನ ಮಾರ್ಜಿನ್ ಇಟ್ಟುಕೊಳ್ಳಿ. ವಿಮಾನ ಕ್ಯಾನ್ಸಲ್ ಆಗಬಹುದು, ಜ್ವರ ಬರಬಹುದು.

ಇಡೀ ಜಗತ್ತಿನ ವಿಮಾನಗಳೇ ನಿಂತದ್ದೂ ಇದೆಯಲ್ಲ. 2020ರ ಮಾರ್ಚ್‌ನಲ್ಲಿ ಭೇಟಿಗೆ ಬಂದು ಸಿಕ್ಕಿಹಾಕಿಕೊಂಡವರಿಗಾಗಿ ನೇರ ತೆರಿಗೆಗಳ ಕೇಂದ್ರ ಮಂಡಳಿ ಮೇ 8ರಂದು ಸುತ್ತೋಲೆ ಹೊರಡಿಸಿತು. ಹೊರಡಲಾಗದೆ ಉಳಿದವರಿಗೆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಎಣಿಸೋದಿಲ್ಲ ಅಂತ. ದಿನಗಳನ್ನೇ ನೋಡೋ ಕಾನೂನಿಗೂ ಒಮ್ಮೆ ಮನುಷ್ಯರ ಪರಿಸ್ಥಿತಿ ನೋಡಬೇಕಾಯಿತು.

ಎಲ್ಲೂ ನಿವಾಸಿ ಅಲ್ಲದವರು

ಈಗ ಒಂದು ತಲೆಹರಟೆ ಪ್ರಶ್ನೆ. ವರ್ಷವನ್ನು ನಾಲ್ಕು ದೇಶಗಳಿಗೆ ಮೂರು ಮೂರು ತಿಂಗಳು ಹಂಚಿಬಿಟ್ಟರೆ? ಎಲ್ಲೂ ಅರ್ಧ ವರ್ಷ ಆಗಲ್ಲ, ಎಲ್ಲೂ ನಿವಾಸಿ ಅಲ್ಲ, ಎಲ್ಲೂ ತೆರಿಗೆ ಇಲ್ಲ!

ಹೀಗೆ ಲೆಕ್ಕ ಹಾಕಿದ ಶ್ರೀಮಂತರು ಇದ್ದರು. ಅದಕ್ಕೇ 2020ರ ಬಜೆಟ್‌ನಲ್ಲಿ ಇನ್ನೊಂದು ನಿಯಮ ಬಂತು. ಭಾರತದ ಪ್ರಜೆ ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಇಲ್ಲಿ ಒಂದು ದಿನವೂ ಇರದಿದ್ದರೂ, ಅವನನ್ನು ಭಾರತದ ನಿವಾಸಿ ಅಂತಲೇ ಭಾವಿಸಬೇಕು. ಬಜೆಟ್ ಮಂಡನೆಯಾದದ್ದು ಫೆಬ್ರುವರಿ 1. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಗಲ್ಫ್‌ನಲ್ಲಿ ದುಡಿಯೋ ಲಕ್ಷಾಂತರ ಜನರ ಎದೆ ಧಸಕ್ ಅಂತು. ಮರುದಿನವೇ ಸರ್ಕಾರ ಸ್ಪಷ್ಟನೆ ಕೊಟ್ಟಿತು, ಪ್ರಾಮಾಣಿಕವಾಗಿ ಅಲ್ಲಿ ದುಡಿಯುವವರ ಸಂಬಳಕ್ಕೆ ಇಲ್ಲಿ ತೆರಿಗೆ ಹಾಕೋ ಉದ್ದೇಶ ಇಲ್ಲ ಅಂತ. ಕೊನೆಗೆ ಅಂಗೀಕಾರವಾದ ಕಾನೂನಿನಲ್ಲಿ ಇಲ್ಲೂ 15 ಲಕ್ಷದ ಮಿತಿ ಸೇರಿತು. ಹೀಗೆ 'ಭಾವಿತ ನಿವಾಸಿ' ಆದವರೂ ಆರ್‌ಎನ್‌ಓಆರ್ ಅಷ್ಟೇ.

ಎರಡೂ ಕಡೆ ನಿವಾಸಿ ಆದರೆ ಸೂಪರ್ ಓವರ್

ಉಲ್ಟಾ ಸಮಸ್ಯೆಯೂ ಇದೆ. ಪ್ರತಿ ದೇಶದ ವರ್ಷ ಬೇರೆ. ನಮ್ಮದು ಏಪ್ರಿಲ್ 1ರಿಂದ, ಅಮೆರಿಕದ್ದು ಜನವರಿ 1ರಿಂದ, ಬ್ರಿಟನ್ನಿನದು ಏಪ್ರಿಲ್ 6ರಿಂದ, ಆಸ್ಟ್ರೇಲಿಯಾದ್ದು ಜುಲೈ 1ರಿಂದ. ಎಣಿಸೋ ರೀತಿಯೂ ಬೇರೆ. ಅಮೆರಿಕ ಈ ವರ್ಷದ ದಿನಗಳು, ಹೋದ ವರ್ಷದ ದಿನಗಳಲ್ಲಿ ಮೂರನೇ ಒಂದು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಕೂಡಿಸಿ 183 ಮುಟ್ಟಿತಾ ಅಂತ ನೋಡುತ್ತೆ. ಈ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು ಅನ್ನೋ ಷರತ್ತೂ ಇದೆ. ಹಾಗಾಗಿ ಒಬ್ಬನೇ ಮನುಷ್ಯ ಒಂದೇ ಅವಧಿಗೆ ಎರಡು ದೇಶಗಳ ನಿವಾಸಿ ಆಗಿಬಿಡಬಹುದು.

ಆಗ ನೆರವಿಗೆ ಬರೋದು ಎರಡು ದೇಶಗಳ ನಡುವಿನ ದ್ವಿತೆರಿಗೆ ತಪ್ಪಿಸುವ ಒಪ್ಪಂದ. ಅದರ ಟೈ-ಬ್ರೇಕರ್ ಸಾಮಾನ್ಯವಾಗಿ ಹೀಗೆ ಹೋಗುತ್ತೆ. ನಿಮಗೆ ಖಾಯಂ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ ನಿಮ್ಮ ಕುಟುಂಬ, ಬದುಕು, ವ್ಯವಹಾರದ ನಂಟು ಎಲ್ಲಿ ಹೆಚ್ಚು? ಅದೂ ತೀರ್ಮಾನ ಆಗದಿದ್ದರೆ ರೂಢಿಯಲ್ಲಿ ಎಲ್ಲಿರ್ತೀರಿ? ಅದೂ ಸಮ ಆದರೆ ಯಾವ ದೇಶದ ಪ್ರಜೆ? ಅಲ್ಲೂ ಬಗೆಹರಿಯದಿದ್ದರೆ ಎರಡು ಸರ್ಕಾರಗಳೇ ಮಾತಾಡಿಕೊಳ್ಳಬೇಕು.

ಒಂದು ಕುತೂಹಲದ ಸಂಗತಿ. 1982ರಲ್ಲಿ ತೆಗೆದುಹಾಕುವ ತನಕ ನಮ್ಮ ಕಾಯ್ದೆಯಲ್ಲೂ ಮನೆಯ ಪ್ರಶ್ನೆ ಇತ್ತು. ಇಲ್ಲಿ ವಾಸದ ಮನೆ ಇಟ್ಟುಕೊಂಡಿದ್ದವರಿಗೆ ಕಡಿಮೆ ದಿನ ಇದ್ದರೂ ನಿವಾಸಿ ಪಟ್ಟ ಸಿಗುತ್ತಿತ್ತು. ಈಗ ಹುಲಿಹೈದರದ ಮನೆ ನಿಮ್ಮ ಹೆಸರಲ್ಲಿದೆಯಾ ಅಂತ 6ನೇ ಸೆಕ್ಷನ್ ಕೇಳಲ್ಲ. ಆ ಮನೆ ಲೆಕ್ಕಕ್ಕೆ ಬರೋದು ಒಪ್ಪಂದದ ಸೂಪರ್ ಓವರ್‌ನಲ್ಲಿ ಮಾತ್ರ.

ಎಂಎಸ್‌ಗೆ ಹೊರಟಿದ್ದೀರಾ? ಇಲ್ಲಿ ನಿಲ್ಲಿ

ಮೇಲೆ ಹೇಳಿದ ಮೊದಲ ಸಡಿಲಿಕೆ 'ಉದ್ಯೋಗಕ್ಕೆ' ಹೊರಟವರಿಗೆ. ಓದಲು ಹೊರಟವರಿಗೆ ಅದು ಸಿಗುತ್ತೆ ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಆಗಸ್ಟ್ 10ಕ್ಕೆ ಹೊರಟರೆ ಏಪ್ರಿಲ್‌ನಿಂದ 132 ದಿನ ಇಲ್ಲಿದ್ದ ಹಾಗಾಯಿತು. 60 ದಾಟಿತು. ಹಿಂದಿನ 4 ವರ್ಷವೂ ಹಾಸ್ಟೆಲ್‌ನಲ್ಲೇ ಇದ್ದಿರಿ, 365 ಯಾವತ್ತೋ ದಾಟಿತು. ಅಂದರೆ ಹೊರಟ ಆ ಮೊದಲ ವರ್ಷ ನೀವು ಪೂರ್ತಿ ನಿವಾಸಿ. ಮಾರ್ಚ್‌ವರೆಗೆ ಅಲ್ಲಿ ಟಿಎ, ಆರ್‌ಎ ಅಂತ ಬಂದ ಸಂಬಳ ಇಲ್ಲಿನ ಲೆಕ್ಕಕ್ಕೂ ಸೇರುತ್ತೆ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತೆ, ಗಾಬರಿ ಬೇಡ. ಆದರೆ ಅಲ್ಲಿನ ಬ್ಯಾಂಕ್ ಅಕೌಂಟನ್ನು ರಿಟರ್ನ್‌ನ ವಿದೇಶಿ ಆಸ್ತಿ ಷೆಡ್ಯೂಲ್‌ನಲ್ಲಿ ತೋರಿಸಬೇಕು. ವಿದೇಶಿ ಆಸ್ತಿ ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. ಸಣ್ಣ ಮೊತ್ತಗಳಿಗೆ ಈಚೆಗೆ ವಿನಾಯಿತಿ ಬಂದಿದೆ ನಿಜ, ಆದರೆ ತೋರಿಸೋದು ತಪ್ಪಿಲ್ಲ. ಗೊತ್ತಾಗಲ್ಲ ಬಿಡು ಅನ್ನೋ ಕಾಲ ಹೋಯಿತು. 2017ರಿಂದ ಅನೇಕ ದೇಶಗಳ ಜತೆ ಬ್ಯಾಂಕ್ ಮಾಹಿತಿ ತಾನಾಗಿಯೇ ವಿನಿಮಯ ಆಗ್ತಿದೆ.

ಅಮೆರಿಕಕ್ಕೆ ಹೋಗುವವರಿಗೆ ಒಂದು ಖುಷಿಯ ಸುದ್ದಿ. ಎಫ್-1 ವೀಸಾದವರ ದಿನಗಳನ್ನು ಅಮೆರಿಕ ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಎಣಿಸಲ್ಲ, ಹಾಗಾಗಿ ಅಲ್ಲಿ ನೀವು ಅನಿವಾಸಿ. ಅನಿವಾಸಿಗಳಿಗೆ ಸಾಮಾನ್ಯವಾಗಿ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಭಾರತ-ಅಮೆರಿಕ ಒಪ್ಪಂದದ 21ನೇ ವಿಧಿಯಿಂದ ಸಿಗುತ್ತೆ. ಗೊತ್ತಿಲ್ಲದೆ ಬಿಟ್ಟುಬಿಡಬೇಡಿ.

ವಾಪಸ್ ಬರುವವರಿಗೆ

ಹೊರಗಿನ ಕೆಲಸ ಬಿಟ್ಟು ಖಾಯಂ ಆಗಿ ಬಂದರೆ ಅದು 'ಭೇಟಿ' ಅಲ್ಲ, ಹಾಗಾಗಿ 60 ದಿನದ ನಿಯಮ ಬಂದು ತಗುಲಬಹುದು. ಆದರೆ ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದಿದ್ದರೆ, ಆರ್‌ಎನ್‌ಓಆರ್ ಪಟ್ಟ ಸಿಗುತ್ತೆ. ದೀರ್ಘ ಕಾಲ ಹೊರಗಿದ್ದವರಿಗೆ ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ವರ್ಷ ಈ ನೆರಳು ಇರುತ್ತೆ. ಹೊರಗಿನ ಖಾತೆ, ಷೇರುಗಳನ್ನು ಸರಿಮಾಡಿಕೊಳ್ಳೋಕೆ ಅಷ್ಟು ಟೈಮ್ ಸಾಕು.

ಊರಿನಲ್ಲಿ ಕೇಳೋ ಮೂರು ಮಾತು

"ಮನೀಗೆ ರೊಕ್ಕ ಕಳಿಸಿದ್ರ ಟ್ಯಾಕ್ಸ್ ಐತಂತ?" ಇಲ್ಲ. ಅನಿವಾಸಿಯ ಸಂಬಳ ಮೊದಲು ಹೊರಗಿನ ಅಕೌಂಟಿಗೆ ಬಿದ್ದು, ಆಮೇಲೆ ಅಲ್ಲಿಂದ ಊರಿಗೆ ಬಂದರೆ ತೆರಿಗೆ ಇಲ್ಲ. ಅಪ್ಪ ಅವ್ವನಿಗೆ ಮಗ ಕಳಿಸಿದ ಹಣಕ್ಕೆ ಅವರಿಗೂ ತೆರಿಗೆ ಇಲ್ಲ. ಸಂಬಳವೇ ನೇರ ಇಲ್ಲಿನ ಖಾತೆಗೆ ಬೀಳೋ ಹಾಗೆ ಮಾತ್ರ ಮಾಡಿಕೊಳ್ಳಬೇಡಿ, ತಕರಾರು ಹುಟ್ಟೋದು ಅಲ್ಲಿ.

"ಅನಿವಾಸಿ ಆದ್ಮ್ಯಾಲೆ ಇಲ್ಲಿ ಏನೂ ಕಟ್ಟೋದು ಬ್ಯಾಡ." ತಪ್ಪು. ಬೆಂಗಳೂರಿನ ಬಾಡಿಗೆ ಯಾವ ಪಟ್ಟ ಇದ್ದರೂ ಇಲ್ಲಿನ ತೆರಿಗೆಗೆ ಬರುತ್ತೆ.

"ದುಬೈದಾಗ ದುಡದು ಊರಾಗ ಹೊಲ ತಗೊಳ್ತೀನಿ." ಇಲ್ಲಿ ತೆರಿಗೆ ಕಾಯ್ದೆ ಅಲ್ಲ, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಅಡ್ಡ ಬರುತ್ತೆ. ಅದರ ಅಳತೆಗೋಲೇ ಬೇರೆ. ಉದ್ಯೋಗಕ್ಕೆ ಅಂತ ಹೊರಟವನು ಹೊರಟಾಗಿನಿಂದಲೇ ಅದರಲ್ಲಿ ಅನಿವಾಸಿ, 182 ದಿನ ಕಾಯಬೇಕಿಲ್ಲ. ಅನಿವಾಸಿಗಳು ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಇಷ್ಟು ಮಾಡಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಬಂದ ತಾರೀಖು, ಹೋದ ತಾರೀಖು, ದೇಶ, ಕಾರಣ ಅಂತ ನಾಲ್ಕು ಕಾಲಂ. ಪಾಸ್‌ಪೋರ್ಟ್ ಮುದ್ರೆಗಳ ಫೋಟೋ, ಬೋರ್ಡಿಂಗ್ ಪಾಸ್ ಒಂದು ಫೋಲ್ಡರ್‌ನಲ್ಲಿ ಇಡಿ. ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ, ಹಿಂದಿನ 10 ವರ್ಷದ ಲೆಕ್ಕ ಬೇಕಾಗಬಹುದು. ಇನ್ನೊಂದು ದೇಶದಲ್ಲಿ ನಿವಾಸಿ ಆಗಿದ್ದರೆ ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರ ತೆಗೆದಿಡಿ, ಒಪ್ಪಂದದ ಲಾಭ ಬೇಕಾದರೆ ಅದೇ ಆಧಾರ. ನಿಯಮಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತವೆ, ಆಯಾ ವರ್ಷದ್ದನ್ನು ನೋಡಿ. ದೊಡ್ಡ ಮೊತ್ತ ಇದ್ದರೆ ಒಳ್ಳೆಯ ಸಿಎ ಒಬ್ಬರಿಗೆ ಫೀಸ್ ಕೊಟ್ಟು ಕೇಳಿ. ಪರಿಚಯದವರು ಪುಕ್ಕಟೆ ಹೇಳಿದ ಅರ್ಧ ನಿಯಮಕ್ಕಿಂತ ಅದು ಅಗ್ಗ.

ಸೀನಿಯರ್ ಅಪ್ಪ ಈಗ ಕೋಲು ಹಿಡಿದು ಹೊಲದ ತನಕ ನಡೀತಾರಂತೆ. ಈ ಲೇಖನದ ಕರಡು ಕಳಿಸಿ, "ಅಣ್ಣಾ, ಲೆಕ್ಕ ಸರಿ ಐತೇನು ನೋಡ್ರಿ" ಅಂತ ಕೇಳಿದೆವು. ಓದಿ ಒಂದೇ ಸಾಲು ಬರೆದರು: "ಲೆಕ್ಕ ಸರಿ ಐತಿ. ಈ ಸಲ ಊರಿಗೆ ಹೋದಾಗ ರಿಟರ್ನ್ ಟಿಕೆಟ್ ಮೊದಲೇ ತಗೊಳ್ಳಂಗಿಲ್ಲ."